‘ನಂಬಿಕೆ ಸಾಲಲಿಲ್ಲ’ ಎನ್ನುವವರೇ, ಬಾಯಿ ಮುಚ್ಚಿ!



ಹೋದ ವಾರ ನಮ್ಮ ಸಭೆಯ ತಾಯಿಯೊಬ್ಬರನ್ನು ಮಣ್ಣು ಮಾಡಿ ಬಂದೆವು. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಸಹಿಸಿಕೊಂಡು ಬಾಳಿದವರು. ಸ್ವಸ್ಥತಾ ಕೂಟದಲ್ಲಿ ತಲೆ ಮೇಲೆ ಕೈಯಿಟ್ಟ ಬೋಧಕನೊಬ್ಬ, ಸೂಜಿ ಚುಚ್ಚಿಕೊಳ್ಳುವುದೇ ಅಪನಂಬಿಕೆ ಎಂದ. ಆ ತಾಯಿ ನಂಬಿದರು. ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಶೀಶೆಗಳು ಸೀಲು ಒಡೆಯದೆ ಹಾಗೇ ಇವೆ. ಸಮಾಧಿಯ ಹತ್ತಿರ ಆ ಬೋಧಕನ ಗುಂಪಿನವರು ಮಗಳಿಗೆ ಹೇಳಿದ್ದೇನು ಗೊತ್ತೇ? ‘ನಿಮ್ಮಮ್ಮನಿಗೆ ನಂಬಿಕೆ ಸಾಲಲಿಲ್ಲ!’

ಇವರ ಲೆಕ್ಕದಲ್ಲಿ ಕ್ಯಾನ್ಸರ್ ಬಂದರೆ ನಂಬಿಕೆ ಸಾಲದು. ಕೂಸು ಉಳಿಯದಿದ್ದರೆ ನಂಬಿಕೆ ಸಾಲದು. ಮಗನಿಗೆ ಕೆಲಸ ಸಿಗದಿದ್ದರೂ ನಂಬಿಕೆ ಸಾಲದು. ಗುಣವಾದರೆ ಹೆಸರು ಬೋಧಕನಿಗೆ, ಸತ್ತರೆ ತಪ್ಪು ಸತ್ತವರದು. ಇದು ಯಾವ ಸುವಾರ್ತೆ?

ಸತ್ಯವೇದ ತೆರೆದು ನೋಡಿ. ಯೋಬನು ಬೂದಿಯಲ್ಲಿ ಕೂತಾಗ ಎಲೀಫಜ, ಬಿಲ್ದದ, ಚೋಫರ ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಪಕ್ಕದಲ್ಲಿ ಕೂತರು. ಅಲ್ಲಿಯವರೆಗೆ ಅವರು ಸ್ನೇಹಿತರೇ. ಆಮೇಲೆ ಬಾಯಿ ತೆರೆದು, ನೀನು ಪಾಪ ಮಾಡಿರಲೇಬೇಕು ಎಂದು ಹಟ ಹಿಡಿದರು. 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ತನ್ನೊಡನೆ ವಾದಕ್ಕೆ ನಿಂತ ಯೋಬನ ಮೇಲಲ್ಲ, ತನ್ನ ಪರ ವಕಾಲತ್ತು ಮಾಡಿದ ಈ ಮೂವರ ಮೇಲೆ! ಪೌಲನು ಶರೀರದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದನು. ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಕಾಯಿಲೆ ಬಿದ್ದ ತ್ರೊಫಿಮನನ್ನು ಮಿಲೇತದಲ್ಲೇ ಬಿಟ್ಟು ಮುಂದೆ ಹೋದನು. ಹಾಗಾದರೆ ಪೌಲನಿಗೂ ನಂಬಿಕೆ ಸಾಲಲಿಲ್ಲವೋ?

‘ಯೇಸು ರೋಗಿಗಳನ್ನು ವಾಸಿಮಾಡಲಿಲ್ಲವೇ?’ ಎಂದು ಕೇಳುವ ಜಾಣರಿದ್ದಾರೆ. ಮಾಡಿದರು ಸ್ವಾಮೀ, ಕಾಣಿಕೆ ಡಬ್ಬಿ ತಿರುಗಿಸದೆ ಮಾಡಿದರು! ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದರು. ಬೋಧಕರೇ, ನಿಮಗೆ ಅಷ್ಟು ಅಧಿಕಾರವಿದ್ದರೆ ವೇದಿಕೆ ಇಳಿದು ಡಯಾಲಿಸಿಸ್ ವಾರ್ಡಿಗೆ ಬನ್ನಿ.

ಹಳೇ ಸಭೆಗಳ ದೊಡ್ಡವರೇ, ನೀವೇನೂ ನಗಬೇಡಿ. ಕಮಿಟಿ ಚುನಾವಣೆಗೆ, ಆಸ್ತಿ ಕೇಸಿಗೆ ಪುರುಸೊತ್ತಿದೆ. ರೋಗಿಯ ಮನೆ ಮೆಟ್ಟಿಲು ಹತ್ತಲು ಇಲ್ಲ. ನೀವು ಹೋಗದ ಮನೆಗೇ ಆ ಬೋಧಕರು ನುಗ್ಗುವುದು! ಮೈಸೂರಿನಲ್ಲಿ 1906ರಿಂದ ನಡೆದು ಬಂದ ಮಿಷನ್ ಆಸ್ಪತ್ರೆ ಕಟ್ಟಿದವರು ಪ್ರಾರ್ಥನೆಗೂ ಔಷಧಿಗೂ ಜಗಳ ಹಚ್ಚಲಿಲ್ಲ. ಅವರ ವಾರಸುದಾರರು ನೀವೇ ತಾನೇ?

ನಂಬಿದವರಿಗೆ ನೋವಿಲ್ಲವೆಂದು ಕ್ರಿಸ್ತನು ಎಲ್ಲೂ ಮಾತು ಕೊಡಲಿಲ್ಲ. ಶಿಲುಬೆಯ ಮೇಲೆ ತಾನೇ, ಯಾಕೆ ಕೈಬಿಟ್ಟೆ ಎಂದು ಕೂಗಿದನು. ಕೊನೆಗೆ ಅದೇ ತಂದೆಯ ಕೈಗೆ ಪ್ರಾಣ ಒಪ್ಪಿಸಿದನು. ನಮ್ಮ ಆ ತಾಯಿಯೂ ಕೊನೆಯ ರಾತ್ರಿ ನರಳುತ್ತಾ ಅದೇ ತಂದೆಯನ್ನು ಕರೆದರು. ಇದಕ್ಕಿಂತ ದೊಡ್ಡ ನಂಬಿಕೆ ಯಾವುದು?

ಬರುವ ಭಾನುವಾರ ಮೈದಾನದಲ್ಲಿ ಮತ್ತೆ ಸ್ವಸ್ಥತಾ ಕೂಟವಂತೆ. ವಿಶ್ವಾಸಿಗಳೇ, ಎಚ್ಚೆತ್ತುಕೊಳ್ಳಿ! ಪ್ರಾರ್ಥನೆ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ. ನೊಂದವರ ಪಕ್ಕದಲ್ಲಿ ಕೂರಿ. ಅವರ ನಂಬಿಕೆ ಅಳೆಯಲು ತಕ್ಕಡಿ ಹಿಡಿದು ಬಂದವರನ್ನು ಹೊಸ್ತಿಲಿಂದಲೇ ವಾಪಸ್ಸು ಕಳಿಸಿ!

— ನೊಂದ ಸಭೆಯ ಸದಸ್ಯರು

(ಓದಿ, ಇನ್ನೊಬ್ಬರಿಗೆ ಕೊಡಿ)