ಆಮೆಯ ಹೊಟ್ಟೆಗೆ ಬಿಸಿಲೇ ಒಲೆ



ಮನೆಯಲ್ಲಿ ಆಮೆ ಸಾಕಿದರೆ ಸಂಪತ್ತು ಬರುತ್ತದೆಂಬ ಮಾತು ನಮ್ಮವರ ನಡುವೆಯೂ ಕೇಳಿಬರುತ್ತಿದೆ. ಗಾಜಿನ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು, ಅದರಲ್ಲೊಂದು ಆಮೆ, ಹೊತ್ತು ಹೊತ್ತಿಗೆ ಅನ್ನದಗುಳು, ಬ್ರೆಡ್ಡಿನ ಚೂರು. ಇದರ ಹಿಂದೆ ಪ್ರೀತಿಯಿರುವುದು ನಿಜ. ಆದರೆ ಆ ಜೀವಿಯ ಜೀರ್ಣಕ್ರಿಯೆಯನ್ನು ಅರಿತವರಿಗೆ ಇದು ಶಿಕ್ಷೆಯಾಗಿಯೇ ಕಾಣುತ್ತದೆ.

ಆಮೆಗೆ ಹಲ್ಲುಗಳಿಲ್ಲ. ಗಟ್ಟಿ ಕೊಕ್ಕಿನಿಂದ ಹರಿದು ನುಂಗುತ್ತದೆ. ಉಳಿದ ಕೆಲಸವೆಲ್ಲ ಕಿಣ್ವಗಳದು. ಜಠರದಲ್ಲಿ ಆಮ್ಲದೊಡನೆ ಪೆಪ್ಸಿನ್ ಸೇರಿ ಮಾಂಸಾಂಶವನ್ನು ಒಡೆಯುತ್ತದೆ. ಮೇದೋಜೀರಕ ಗ್ರಂಥಿಯಿಂದ ಬರುವ ಟ್ರಿಪ್ಸಿನ್, ಅಮೈಲೇಸ್, ಲೈಪೇಸ್‌ಗಳು ಕ್ರಮವಾಗಿ ಪ್ರೋಟೀನು, ಪಿಷ್ಟ, ಕೊಬ್ಬುಗಳನ್ನು ಕರಗಿಸುತ್ತವೆ. ಇಷ್ಟರಮಟ್ಟಿಗೆ ಅದು ನಮ್ಮಂತೆಯೇ. ವ್ಯತ್ಯಾಸವಿರುವುದು ಶಾಖದಲ್ಲಿ. ನಮ್ಮ ದೇಹ ಸದಾ 37 ಡಿಗ್ರಿಯಲ್ಲಿರುತ್ತದೆ. ಆಮೆಯ ದೇಹಕ್ಕೆ ಹೊರಗಿನ ಶಾಖವೇ ಆಧಾರ. ಉಷ್ಣತೆ 10 ಡಿಗ್ರಿ ಇಳಿದರೆ ಕಿಣ್ವಗಳ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದಲೇ ಆಮೆ ದಡಕ್ಕೇರಿ ಬಿಸಿಲು ಕಾಯಿಸುತ್ತದೆ. ಅದು ಸೋಮಾರಿತನವಲ್ಲ, ಉಂಡದ್ದನ್ನು ಅರಗಿಸಿಕೊಳ್ಳುವ ದುಡಿಮೆ.

ಬೀದರಿನ ಚಳಿ ನಿಮಗೆ ಗೊತ್ತೇ ಇದೆ. ಪುಷ್ಯಮಾಸದ ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ. ಕೆರೆಯ ಆಮೆ ಆಗ ತಿನ್ನುವುದನ್ನು ಕಡಿಮೆ ಮಾಡಿ ಸುಮ್ಮನಿರಬಲ್ಲದು. ಬೇಸಿಗೆಯಲ್ಲಿ ಕೆರೆ ಬತ್ತಿದರೂ ಕೆಸರಿನೊಳಗೆ ಹುದುಗಿ ಉಪವಾಸ ಇರಬಲ್ಲದು. ಆದರೆ ಬಿಸಿಲು ಬೀಳದ ಕೋಣೆಯ ತೊಟ್ಟಿಯಲ್ಲಿ ತಿಂದದ್ದು ಅರಗದೆ ಕರುಳಿನಲ್ಲಿ ಕೊಳೆಯುತ್ತದೆ. ಬಸವನಹುಳು, ಮೀನು, ಕಪ್ಪೆ, ಜಲಸಸ್ಯ ತಿಂದು ಬದುಕುವ ಪ್ರಾಣಿಗೆ ಬರಿಯ ಅನ್ನದಿಂದ ಸುಣ್ಣದಂಶವೂ ಸಿಗದು, ಚಿಪ್ಪು ಮೆತ್ತಗಾಗುತ್ತದೆ. ಹೊಟ್ಟೆ ತುಂಬಿಯೂ ಅದು ಹಸಿವಿನಿಂದ ಸಾಯುತ್ತದೆ.

ನಮ್ಮ ಕೆರೆಗಳ ಮೆದುಚಿಪ್ಪಿನ ಆಮೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಸೇರಿಸಲಾಗಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಯಾರ ಮನೆಯಲ್ಲಾದರೂ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಲಿ. ಅಂಗಡಿಯಲ್ಲಿ ಕೊಂಡ, ಕಣ್ಣಿನ ಹಿಂದೆ ಕೆಂಪು ಪಟ್ಟಿಯುಳ್ಳ ವಿದೇಶಿ ಆಮೆಯನ್ನಂತೂ ಭಾಲ್ಕಿಯ ಕಾರಂಜಾ ಜಲಾಶಯಕ್ಕಾಗಲಿ, ಔರಾದ ಕಡೆಯ ಮಾಂಜರಾ ನದಿಗಾಗಲಿ ಬಿಡಬೇಡಿ. ಅದು ನಮ್ಮ ಆಮೆಗಳ ಆಹಾರವನ್ನೂ ನೆಲೆಯನ್ನೂ ಕಸಿದುಕೊಳ್ಳುತ್ತದೆ.

ಮಕ್ಕಳಿಗೆ ಆಮೆ ತೋರಿಸಬೇಕೆನಿಸಿದರೆ ಬೆಳಗಿನ ಬಿಸಿಲೇರಿದ ಮೇಲೆ ಕೆರೆಯ ದಡಕ್ಕೆ ಕರೆದೊಯ್ಯಿರಿ. ಸದ್ದು ಮಾಡದೆ ದೂರದಲ್ಲಿ ಕುಳಿತು ನೋಡಲಿ. ತೊಟ್ಟಿಯ ಆಮೆ ಕಲಿಸಲಾರದ ಪಾಠ ಅಲ್ಲಿ ಸಿಗುತ್ತದೆ.