ಛಾಯಾಚಿತ್ರದ ಹಕ್ಕಿಗೆ ಹೆಸರು

ಹಿಂದೆ ಯಾತ್ರೆಗೆ ಹೋದವರು ತೀರ್ಥ-ಪ್ರಸಾದಗಳನ್ನು ತರುತ್ತಿದ್ದರು. ಇಂದಿನ ಪ್ರವಾಸಿಗಳು ಛಾಯಾಚಿತ್ರಗಳನ್ನು ತರುತ್ತಾರೆ. ದಾಂಡೇಲಿ, ಆಗುಂಬೆ, ಕೊಡಗುಗಳ ಕಾಡು ಸುತ್ತಿ ಬಂದವರ ಬಳಿ ಹತ್ತಾರು ಹಕ್ಕಿಗಳ ಚಿತ್ರಗಳಿರುತ್ತವೆ. "ಇದಾವ ಹಕ್ಕಿ?" ಎಂಬ ಪ್ರಶ್ನೆ ಕೊನೆಗೆ ಶಾಲೆಯ ವಿಜ್ಞಾನ ಶಿಕ್ಷಕರ ಮುಂದೆ ಬರುತ್ತದೆ. ತಟ್ಟನೆ ಹೆಸರು ಹೇಳುವುದೇ ಪಾಂಡಿತ್ಯವೆಂಬ ಭಾವನೆ ಬಹುಮಂದಿಯಲ್ಲಿದೆ. ಆದರೆ ಹೆಸರಿಗೆ ಆಧಾರ ತೋರಿಸುವುದೇ ನಿಜವಾದ ವಿದ್ಯೆ.

ಛಾಯಾಚಿತ್ರ ಸುಳ್ಳಾಡದು, ಆದರೆ ಎಲ್ಲವನ್ನೂ ಹೇಳದು. ಸೂರಕ್ಕಿಯ ಮೈಯ ನೀಲಿ-ನೇರಳೆ ಹೊಳಪು ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದಾಗ ಹುಟ್ಟುವಂಥದು. ಬಿಸಿಲು ತಪ್ಪಿದರೆ ಅದೇ ಹಕ್ಕಿ ಚಿತ್ರದಲ್ಲಿ ಕರಿದಾಗಿ ತೋರುತ್ತದೆ. ಆಗ ನೇರಳೆ ಸೂರಕ್ಕಿಯ ಗಂಡನ್ನು ಲೋಟನ್ ಸೂರಕ್ಕಿಯ ಗಂಡಿನಿಂದ ಬೇರ್ಪಡಿಸಲು ಬಣ್ಣವನ್ನು ನಂಬಲಾಗದು. ಲೋಟನ್ ಸೂರಕ್ಕಿಯ ಹೆಚ್ಚು ನೀಳವೂ ಹೆಚ್ಚು ಬಾಗಿದುದೂ ಆದ ಕೊಕ್ಕನ್ನು ಗಮನಿಸಬೇಕು. ಬಯಲುಸೀಮೆಯಲ್ಲಿಯೂ ಕಾಣುವ ಬೂದು ಮಂಗಟ್ಟೆಯ ಕೊಕ್ಕಿನ ಮೇಲೆ ಚೂಪಾದ ಉಬ್ಬುಂಟು. ಸಹ್ಯಾದ್ರಿಯ ಬೂದು ಮಂಗಟ್ಟೆಗೆ ಅದಿಲ್ಲ. ಆದರೆ ಎಳೆಯ ಹಕ್ಕಿಯಲ್ಲಿ ಆ ಉಬ್ಬು ಪೂರ್ತಿ ಬೆಳೆದಿರುವುದಿಲ್ಲವೆಂಬುದನ್ನೂ ಮರೆಯಬಾರದು.

ಕುಟ್ರುಹಕ್ಕಿಗಳ ವಿಷಯ ಇನ್ನೂ ಬೋಧಪ್ರದ. ಬಿಳಿಗೆನ್ನೆಯ ಕುಟ್ರುಹಕ್ಕಿ ಸಹ್ಯಾದ್ರಿ ಹಾಗೂ ಅದರ ನೆರೆಯ ಗುಡ್ಡಗಾಡುಗಳಲ್ಲಿ ವಾಸಿಸುತ್ತದೆ. ಕಂದುತಲೆಯದು ಇನ್ನೂ ವಿಶಾಲವಾದ ಪ್ರದೇಶದಲ್ಲಿ ಹರಡಿದೆ. ಮೊದಲನೆಯದಕ್ಕೆ ಕೆನ್ನೆಯ ಮೇಲೆ ಬಿಳಿಯ ಪಟ್ಟಿ, ಎರಡನೆಯದಕ್ಕೆ ಕಣ್ಣಿನ ಸುತ್ತ ಕಿತ್ತಳೆ ಬಣ್ಣದ ಬರಿಯ ಚರ್ಮ. ತಲೆ ಎಲೆಯ ಮರೆಯಲ್ಲಿದ್ದು ಹಸುರು ಬೆನ್ನು ಮಾತ್ರ ಚಿತ್ರದಲ್ಲಿ ಸಿಕ್ಕಿದ್ದರೆ, ಎಂಥ ಬಲ್ಲವರೂ ಸ್ಥಳವಾವುದೆಂದು ಕೇಳಿಯೇ ಮುಂದಿನ ಮಾತಾಡುತ್ತಾರೆ.

ಈಗ ಚಿತ್ರವನ್ನು ತೋರಿಸಿದೊಡನೆ ಹೆಸರು ಸೂಚಿಸುವ ತಂತ್ರಾಂಶಗಳು ಬಂದಿವೆ. ಅವು ಉಪಯುಕ್ತವೇ ಸರಿ. ಆದರೆ ಸೂಚನೆ ನಿರ್ಣಯವಲ್ಲ. ಮಕ್ಕಳ ಉತ್ಸಾಹಕ್ಕೆ ಇಷ್ಟೊಂದು ಸಂಶಯ ತಣ್ಣೀರೆರಚುವುದಿಲ್ಲವೆ ಎಂದು ಕೆಲವರು ಕೇಳಬಹುದು. ಆದರೆ ಇದು ಬರಿಯ ವಿನೋದದ ಮಾತಲ್ಲ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದುದು ದೇಶದುದ್ದಕ್ಕೂ ಹವ್ಯಾಸಿ ಪಕ್ಷಿವೀಕ್ಷಕರು ಒದಗಿಸಿದ ದಾಖಲೆಗಳು. ಅಂಥ ದಾಖಲೆಯಲ್ಲಿ ತಪ್ಪು ಹೆಸರು ಸೇರಿದರೆ, ಕ್ಷೀಣಿಸುತ್ತಿರುವ ಹಕ್ಕಿ ಸಮೃದ್ಧವಾಗಿದೆಯೆಂಬ ಭ್ರಮೆ ಹುಟ್ಟೀತು.

ಆದುದರಿಂದ ಶಾಲೆಗಳಲ್ಲಿ ಹೆಸರಿಗಿಂತ ಮೊದಲು ಸ್ಥಳ, ದಿನ, ವೇಳೆ, ಕೂಗು, ಕೊಕ್ಕಿನ ಆಕಾರಗಳನ್ನು ಬರೆದಿಡುವ ಅಭ್ಯಾಸ ಬೆಳೆಯಬೇಕು. ಕಾರಣ ಸಹಿತ "ಖಚಿತವಾಗಿ ತಿಳಿಯದು" ಎಂದು ಬರೆದ ವಿದ್ಯಾರ್ಥಿಗೆ, ಊಹಿಸಿ ಹೆಸರು ಬರೆದವನಿಗಿಂತ ಹೆಚ್ಚು ಅಂಕ ಸಲ್ಲಬೇಕು. ದೂರದ ನಾಡುಗಳಲ್ಲಿ ಸಂಚರಿಸುವ ಹಳೆಯ ವಿದ್ಯಾರ್ಥಿಗಳು ಸ್ಥಳ-ದಿನಾಂಕಗಳೊಡನೆ ಚಿತ್ರಗಳನ್ನು ಶಾಲೆಗೆ ಕಳುಹಿಸಬಹುದು. ದಾನಿಗಳು ಒಂದೆರಡು ದುರ್ಬೀನುಗಳನ್ನೂ ಪಕ್ಷಿಗ್ರಂಥಗಳನ್ನೂ ಒದಗಿಸಬಹುದು. ಕಟ್ಟಡಗಳ ವೆಚ್ಚದ ಮುಂದೆ ಇದು ಅತ್ಯಲ್ಪ.

ಶರಣರು ನಡೆಗೂ ನುಡಿಗೂ ಅಂತರವನ್ನು ಒಪ್ಪಲಿಲ್ಲ. ಕಂಡಷ್ಟನ್ನೇ ನುಡಿಯುವ, ಕಾಣದುದನ್ನು ಕಾಣೆನೆಂದು ಒಪ್ಪುವ ಶಿಸ್ತು ಒಂದು ಪುಟ್ಟ ಹಕ್ಕಿಯ ಚಿತ್ರದಿಂದಲೇ ಮಕ್ಕಳಿಗೆ ಮೈಗೂಡುವುದಾದರೆ, ಅದನ್ನು ಕಲಿಸದೆ ಬಿಡುವುದು ಯಾವ ವಿದ್ಯಾಸಂಸ್ಥೆಗೂ ಶೋಭಿಸದು.