ತಂದೆಯ ಸೈಕಲ್ಲು, ಮಗಳ ದಾರಿ



ನಮ್ಮ ಬಾಗಲಕೋಟೆ ಸೀಮೆಯಲ್ಲಿ ಸೈಕಲ್ಲು ಬರಿಯ ವಾಹನವಾಗಿರಲಿಲ್ಲ. ಕಾಯಕದ ಒಡನಾಡಿ, ಸಂಸಾರದ ಬಂಧುವಾಗಿತ್ತು. ಇಳಕಲ್ಲಿನ ನೇಕಾರನು ಮಗ್ಗದಿಂದ ಇಳಿಸಿದ ಸೀರೆಗಳನ್ನು ಕ್ಯಾರಿಯರಿಗೆ ಕಟ್ಟಿ ಸಾಹುಕಾರರ ಅಂಗಡಿಗೆ ಒಯ್ದುದು ಅದರ ಮೇಲೆ. ಬಾದಾಮಿಯ ಕಡೆಯ ರೈತನು ಮುಂದಿನ ದಂಡಿಗೆ ಟವೆಲ್ಲು ಸುತ್ತಿ ಮಗುವನ್ನು ಕೂಡಿಸಿ, ಹಿಂದೆ ಮಡದಿಯನ್ನು ಕೂಡಿಸಿಕೊಂಡು ಶಿವಯೋಗಮಂದಿರದ ಜಾತ್ರೆಗೆ ಹೋದುದೂ ಅದರ ಮೇಲೆಯೇ. ತಂದೆಯ ಪ್ರೀತಿಯನ್ನು ಬಾಯಿಮಾತಿನಲ್ಲಿ ಕೇಳಿದವರು ನಮ್ಮಲ್ಲಿ ವಿರಳ. ಏರುದಾರಿಯಲ್ಲಿ ತಾನು ಇಳಿದು, ಮಕ್ಕಳನ್ನು ಇಳಿಸದೆ ಸೈಕಲ್ಲು ತಳ್ಳಿದ ಕೈಗಳಲ್ಲಿ ಅದನ್ನು ಕಂಡವರೇ ಹೆಚ್ಚು.

ಆ ತಂದೆಯೇ ಮಗನಿಗೆ ಸೈಕಲ್ಲು ಕಲಿಸಿದನು. ಒಳಪೆಡಲಿನಿಂದ ಆರಂಭಿಸಿ, ಸೀಟು ಹಿಡಿದು ಹಿಂದೆ ಓಡಿ, ಸಮತೋಲ ಬಂದೊಡನೆ ಕೈ ಸಡಿಲಿಸಿದನು. ಬಿದ್ದರೆ ಮೊಣಕಾಲಿಗೆ ಅರಿಷಿಣ ಹಚ್ಚಿ ಮತ್ತೆ ಹತ್ತಿಸಿದನು. ಆದರೆ ಮಗಳಿಗೆ? ಏಳನೆಯ ಇಯತ್ತೆ ಮುಗಿದು, ಹೈಸ್ಕೂಲು ಪಕ್ಕದ ಊರಿನಲ್ಲಿದ್ದರೆ, ಅನೇಕ ಮನೆಗಳಲ್ಲಿ ಅವಳ ಓದು ಊರ ಅಗಸಿಯಲ್ಲಿಯೇ ನಿಂತಿತು. ದಾರಿ ದೂರವೆಂದರು. ಅದೇ ದಾರಿ ಅಣ್ಣನಿಗೆ ದೂರವಾಗಿರಲಿಲ್ಲ.

ರಾಜ್ಯ ಸರಕಾರವು 2006-07ರಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಹಂಚಲು ಆರಂಭಿಸಿದ ಮೇಲೆ, ಹುಡುಗಿಯರು ಸಾಲುಸಾಲಾಗಿ ಶಾಲೆಗೆ ಸಾಗಿದುದನ್ನು ನಾವೆಲ್ಲರೂ ಕಂಡೆವು. ದಾರಿ ಅದೇ ಇತ್ತು. ದೂರ ಮಾತ್ರ ಕರಗಿತ್ತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹೆಣ್ಣುಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಪದಕಗಳನ್ನೂ ಗೆದ್ದು ತಂದಿದ್ದಾರೆ.

ಇದು ನಮಗೆ ಹೊಸ ಪಾಠವೇ? ಹುನಗುಂದ ತಾಲೂಕಿನಲ್ಲಿ ಕೃಷ್ಣೆ-ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಬಾಲಕ ಬಸವಣ್ಣನವರು ಬಂದುದೇಕೆ? ಅಕ್ಕ ನಾಗಮ್ಮನಿಗೆ ಇಲ್ಲದ ಉಪನಯನ ತಮಗೂ ಬೇಡವೆಂದು, ತಂದೆ ಮಾದರಸರ ಮನೆಯನ್ನು ತೊರೆದು ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ನಮ್ಮಲ್ಲಿ ಹೆಣ್ಣು ಗಂಡೆನ್ನದೆ ಇಷ್ಟಲಿಂಗವನ್ನು ಕಟ್ಟುತ್ತೇವೆ. ಕೊರಳಿಗೆ ಸಮಾನವಾಗಿ ಲಿಂಗವನ್ನಿತ್ತ ತಂದೆಯು ಕಾಲಿಗೆ ಸಮಾನವಾಗಿ ದಾರಿಯನ್ನು ಕೊಡದಿದ್ದರೆ ಆ ಸಂಸ್ಕಾರವು ಅರ್ಧಕ್ಕೇ ನಿಂತಂತೆ.

ಈಗ ಅನೇಕ ಮನೆಗಳ ಅಂಗಳಕ್ಕೆ ಮೋಟಾರು ಸೈಕಲ್ಲು ಬಂದಿದೆ. ಮಗಳನ್ನು ತಾನೇ ಬಿಟ್ಟು ಬರುವೆನೆನ್ನುವ ತಂದೆಯ ಅಕ್ಕರೆ ದೊಡ್ಡದು. ಆದರೆ ಬಿಟ್ಟು ಬರುವುದು ಬೇರೆ, ತಾನಾಗಿ ಹೋಗಿಬರಲು ಕಲಿಸುವುದು ಬೇರೆ. ಹೆದ್ದಾರಿಯಲ್ಲಿ ಲಾರಿಗಳ ಭಯ ಸುಳ್ಳಲ್ಲ. ಅದು ಮಗನಿಗೂ ಉಂಟು. ಎಡಬದಿ, ತಿರುವು, ಬ್ರೇಕುಗಳ ಎಚ್ಚರವನ್ನು ಇಬ್ಬರಿಗೂ ಕಲಿಸೋಣ. ಮನೆಯಲ್ಲಿ ಒಂದೇ ಸೈಕಲ್ಲಿದ್ದರೆ ಅಣ್ಣ-ತಂಗಿಯರು ಪಾಳಿ ಹಚ್ಚಿಕೊಳ್ಳಲಿ. ಪಂಕ್ಚರು ಹಾಕುವುದನ್ನು ಇಬ್ಬರೂ ಕಲಿಯಲಿ. ಮಗಳ ಹಿಂದೆಯೂ ಸೀಟು ಹಿಡಿದು ಓಡೋಣ. ಸಮತೋಲ ಬಂದೊಡನೆ, ಮಗನಿಗೆ ಸಡಿಲಿಸಿದಂತೆ, ಅವಳಿಗೂ ಕೈ ಸಡಿಲಿಸೋಣ.